ಕೊಟ್ರಮ್ಮನ ಬಿಳಿ ಗೋಡೆ

ಬೆಳಿಗ್ಗೆಯಿಂದ ಹೊನ್ನಾಳಿಯ ನಮ್ಮ ಮನೆ ತುಂಬ ಹಸಿ ಸುಣ್ಣದ ವಾಸನೆ. ದೀಪಾವಳಿ ಹತ್ತಿರ ಬಂತಲ್ಲ, ಸುಣ್ಣ ಬಳಿಯಲು ಬಂದ ನಾಗಪ್ಪ ಅಂಗಳದಲ್ಲಿ ಬಕೆಟ್ಟು ಇಟ್ಟುಕೊಂಡು ಸುಣ್ಣ ಕದಡುತ್ತಿದ್ದಾನೆ. ಈ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಜಗಳೂರು ಕಡೆಯ ಕೊಟ್ರಮ್ಮ, ಮತ್ತು ಸರ್ಕಾರಿ ಕಂಪ್ಯೂಟರಿನ ಒಂದು ಹಸಿರು ಚುಕ್ಕೆ.

ಗೋಡೆ ಬಿರುಕು ಬಿಟ್ಟಿದೆ, ಚಾವಣಿ ಜಗ್ಗಿದೆ ಎಂದು ಜನ ಕೊಡುವ ದೂರುಗಳನ್ನೆಲ್ಲ ಅಧಿಕಾರಿಗಳು ಒಂದೇ ಪರದೆಯಲ್ಲಿ ನೋಡುವ ಡ್ಯಾಶ್‌ಬೋರ್ಡ್ ಒಂದಿತ್ತು. ಅದನ್ನು ಹೊಸದಾಗಿ ರೂಪಿಸುವ ಕೆಲಸ ಕೆಲವು ವರ್ಷಗಳ ಹಿಂದೆ, ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ನನ್ನ ಪಾಲಿಗೆ ಬಂತು. ಅಪಾಯದ ಮನೆಗೆ ಕೆಂಪು ಚುಕ್ಕೆ, ಸರಿಹೋದ ಮನೆಗೆ ಹಸಿರು. ತೆರೆದು ನೋಡಿದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೆಲ್ಲೂ ಹಸಿರೋ ಹಸಿರು. ನಮ್ಮ ಸೀಮೆಯ ಮನೆಗಳು ಇಷ್ಟು ಗಟ್ಟಿಯೇ ಎಂದು ನನಗೆ ಅನುಮಾನ ಬಂತು. ಅಕ್ಷರ ದೊಡ್ಡದು ಮಾಡಿ, ಬಣ್ಣ ತಿದ್ದಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನ್ನದು ಕೆದಕುವ ಚಾಳಿ. ಮನೆಯಲ್ಲಿ ಅದಕ್ಕಾಗಿ ಬೈಸಿಕೊಳ್ಳದ ದಿನವಿಲ್ಲ. ಹಸಿರಾದ ಒಂದು ಮನೆಯನ್ನಾದರೂ ಕಣ್ಣಾರೆ ನೋಡೋಣವೆಂದು ಬಸ್ಸು ಹತ್ತಿದೆ.

ಅದೇ ಕೊಟ್ರಮ್ಮನ ಮನೆ. ಮಣ್ಣಿನ ಗೋಡೆ ಹಾಲಿನಷ್ಟು ಬೆಳ್ಳಗಿತ್ತು. ಎದ್ದು ಓಡಾಡಲಾಗದ ಅವಳ ಅತ್ತೆ ಅದರ ಬುಡದಲ್ಲೇ ಮಲಗಿದ್ದರು. ಬಿರುಕು ಎಲ್ಲಮ್ಮ ಎಂದು ಕೇಳಿದೆ. ಕೊಟ್ರಮ್ಮ ಸಂಕೋಚದಿಂದ ಸೆರಗು ಎಳೆದುಕೊಂಡಳು.

"ಫೋಟೋ ಹಿಡಿಯಾಕೆ ಸಾಹೇಬ್ರು ಬರ್ತಾರೆ ಅಂದ್ರು. ಮನೆಗೆ ಬಂದೋರಿಗೆ ಒಡಕು ಗೋಡೆ ಹೆಂಗೆ ತೋರ್ಸಾದು ಹೇಳ್ರಿ? ಮಣ್ಣು ಮೆತ್ತಿ ಸುಣ್ಣ ಹೊಡ್ದೆ."

ಸುಣ್ಣದ ಮೇಲೆ ತಟ್ಟಿದೆ, ಒಳಗೆ ಟೊಳ್ಳು. ಬಂದವರು ಬಿಳಿ ಗೋಡೆ ಕಂಡರು, ಫೋಟೋ ಹಿಡಿದರು, ಹಸಿರು ಒತ್ತಿ ಹೋದರು. ಯಾರಾದರೂ ಬರುತ್ತಾರೆಂದರೆ ಮೊದಲು ಸುಣ್ಣ ನೆನೆಹಾಕುವ ಜನ ನಾವು. ಇಂಥ ಬಿಳಿ ಗೋಡೆಗಳು ಇನ್ನೆಷ್ಟಿವೆಯೋ ಎಂದುಕೊಳ್ಳುತ್ತ ವಾಪಸು ಬಸ್ಸು ಹತ್ತಿದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಕೊಟ್ರಮ್ಮನಿಗೆ ಸಲ್ಲದು, ನಮ್ಮ ಪರದೆಗೆ ಹೇಳಿ ಮಾಡಿಸಿದಂತಿತ್ತು.

ಕಚೇರಿಗೆ ಬಂದವನೇ ಪರದೆಯನ್ನು ಬಿಚ್ಚಿ ಕಟ್ಟಿದೆ. ದೂರು ಕೊಟ್ಟಾಗಿನ ಫೋಟೋ, ಹೋಗಿ ನೋಡಿದಾಗಿನ ಫೋಟೋ ಎರಡೂ ಅಕ್ಕಪಕ್ಕ ಇರಬೇಕು. ನಡುವೆ ಏನು ರಿಪೇರಿಯಾಯಿತೆಂದು ಹೇಳದೆ ಹಸಿರು ಬರಕೂಡದು. ತೆರೆದ ದಿನ ನಾಲ್ಕೂ ತಾಲ್ಲೂಕು ಕೆಂಪಾದವು. ಸಭೆಗೆ ಹೊರಟಿದ್ದ ನಮ್ಮ ಅಧಿಕಾರಿ, ಇದನ್ನು ಹಿಡಿದುಕೊಂಡು ಮೇಲಿನವರ ಮುಂದೆ ಹೇಗೆ ಕೂರಲಿ ಎಂದು ರೇಗಿದರು. ನಾನು ಜಗ್ಗಲಿಲ್ಲ. ಕೊಟ್ರಮ್ಮನ ಗೋಡೆಯ ಎರಡು ಫೋಟೋ ಅವರ ಮುಂದಿಟ್ಟೆ.

"ಈ ಗೋಡೆ ಬುಡದಾಗೆ ಒಬ್ರು ಅಜ್ಜಿ ಮಲಗ್ತಾರೆ ಸರ್."

ಅವರು ಎರಡೂ ಫೋಟೋ ಹತ್ತಿರ ಎಳೆದುಕೊಂಡು ನೋಡಿದರು. ಆಮೇಲೆ ಆ ಕೆಂಪು ಪರದೆಯನ್ನೇ ತೆಗೆದುಕೊಂಡು ಸಭೆಗೆ ಹೋದರು. ಮಳೆ ಹಿಡಿಯುವ ಮೊದಲೇ ಅಜ್ಜಿಯನ್ನು ಪಕ್ಕದ ಮನೆಗೆ ಸಾಗಿಸಿ, ಗೋಡೆ ಇಳಿಸಿ ಕಟ್ಟಿಸಿದರು. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆಯೇ.

ಈ ಹೆಮ್ಮೆಯಲ್ಲಿ ನಾನು ಕೂತಿರುವಾಗಲೇ ನಾಗಪ್ಪ ಒಳಗಿನಿಂದ ಕರೆದ. ಕಪಾಟು ಸರಿಸಿದ್ದಾನೆ, ಹಿಂದಿನ ಗೋಡೆಯಲ್ಲಿ ಚಾವಣಿಯವರೆಗೆ ಬಿರುಕು. ನನ್ನ ಬಾಯಿಂದ ಮೊದಲು ಬಂದ ಮಾತು ಕೇಳಿ: "ನಾಳೆ ಬೀಗರು ಬರ್ತಾರಪ್ಪ, ಮೊದ್ಲು ಅದ್ಕೆ ಸುಣ್ಣ ಹೊಡಿ."

ಅವನು ಬ್ರಷ್ಷು ಎತ್ತಿದ. ಸೆರಗು ಎಳೆದುಕೊಂಡ ಕೊಟ್ರಮ್ಮ ಕಣ್ಣ ಮುಂದೆ ಬಂದಳು. ಅವನ ಕೈ ಹಿಡಿದು ನಿಲ್ಲಿಸಿ, ಫೋಟೋ ತೆಗೆದು ದೂರು ಕಳಿಸಿದೆ. ಹೊನ್ನಾಳಿಯಲ್ಲಿ ಈಗ ಒಂದು ಕೆಂಪು ಚುಕ್ಕೆ ಹೆಚ್ಚಾಗಿದೆ, ಅದು ನಮ್ಮ ಮನೆ. ನಾಳೆ ಬೀಗರು ಬರಲಿ, ಕಾಫಿಗೆ ಮುಂಚೆ ಆ ಗೋಡೆಯನ್ನೇ ತೋರಿಸುತ್ತೇನೆ.