ಹಾಡಹಗಲಲ್ಲೊಂದು ಫ್ಲ್ಯಾಶು

ಕ್ಯಾಮೆರಾ ಹಿಡಿದವನ ಸಹನೆಯನ್ನು ಪರೀಕ್ಷಿಸಬೇಕೆಂದರೆ, ಸ್ವಾಮಿ, ಬೇರೇನೂ ಬೇಡ. ನೆತ್ತಿಯ ಮೇಲೆ ಸೂರ್ಯ ಧಗಧಗಿಸುತ್ತಿರುವಾಗ ಅವನು ಫ್ಲ್ಯಾಶ್ ಸಿಕ್ಕಿಸುವುದನ್ನು ನೋಡಿ, ಇಷ್ಟು ಬಿಸಿಲಿದೆಯಲ್ಲ, ಲೈಟ್ ಯಾಕೆ ಎಂದು ಕೇಳಿದರೆ ಸಾಕು. ಮೂಡಿಗೆರೆಯಿಂದ ಗೋಣಿಬೀಡಿನವರೆಗೆ ಈ ಪ್ರಶ್ನೆ ಕೇಳದ ನರಪ್ರಾಣಿಯನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಸೂರ್ಯ ಹಣೆ ಮೂಗುಗಳನ್ನು ಬೆಳಗಿಸಿ ಕಣ್ಣುಗಳನ್ನು ಕತ್ತಲ ಗುಳಿಗಳನ್ನಾಗಿಸುತ್ತಾನೆ, ಆ ಗುಳಿಗಳಿಗೆ ಒಂದಿಷ್ಟು ಬೆಳಕು ತುಂಬಲು ಈ ಪುಟ್ಟ ದೀಪ ಎಂದು ನಾನು ಸವಿಸ್ತಾರ ಉಪನ್ಯಾಸ ಕೊಡುತ್ತೇನೆ. ಶ್ರೋತೃಗಳು ಗಂಭೀರವಾಗಿ ತಲೆಯಾಡಿಸಿ, ಆಚೆ ಹೋಗಿ, ಬ್ಯಾಟರಿ ದಂಡ ಎನ್ನುತ್ತಾರೆ.

ಕಳೆದ ಜನವರಿಯಲ್ಲಂತೂ ಈ ಕಿರಿಕಿರಿ ತಾರಕಕ್ಕೇರಿತು. ಬಣಕಲ್ ಹತ್ತಿರ ಸಣ್ಣ ಎಸ್ಟೇಟ್ ನೋಡಿಕೊಳ್ಳುವ ನನ್ನ ಅಕ್ಕ, ಕಾಯಿಲೆಯ ಚಿಕಿತ್ಸೆಯಲ್ಲಿ ಕೂದಲು ಉದುರಿದ ಮೇಲೆ ಯಾರಿಗೂ ಫೋಟೊ ತೆಗೆಯಲು ಬಿಟ್ಟಿರಲಿಲ್ಲ. ಅಂಥವಳು ತಾನಾಗಿ ಫೋನ್ ಮಾಡಿ, ಕಾಫಿ ಒಣಗಿಸುವ ಕಣದಲ್ಲಿ ನಿಂತ ಫೋಟೊ ಒಂದು ಬೇಕು ಎಂದಳು. ಷರತ್ತು ಎರಡು: ಅಗಲ ಅಂಚಿನ ಟೋಪಿ ತೆಗೆಯುವುದಿಲ್ಲ, ಮುಖ ಕಪ್ಪಾಗಿ ಬರಕೂಡದು. ಈ ಸಲ ಕೆಟ್ಟರೆ ಅವಳು ಮತ್ತೆ ಕ್ಯಾಮೆರಾ ಮುಂದೆ ನಿಲ್ಲುವವಳಲ್ಲ ಎಂಬುದು ಗೊತ್ತಿದ್ದುದರಿಂದ ನನಗೆ ಒಳಗೊಳಗೇ ಪುಕುಪುಕು.

ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಹರಡಿತ್ತು. ಫ್ಲ್ಯಾಶ್ ಸಿಕ್ಕಿಸಿದ್ದೇ ತಡ, ಆಳುಗಳ ಮೇಸ್ತ್ರಿ ಹತ್ತಿರ ಬಂದು, "ಸೂರ್ಯಂಗೆ ದಾರಿ ತೋರ್ಸಕ್ಕಾ ಸಾರ್?" ಎಂದ. ಕಾಫಿ ಕೆದಕುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಒಬ್ಬಾಕೆ, ಇಷ್ಟೆಲ್ಲ ರಗಳೆ ಯಾಕೆ, ಅಮ್ಮಾವ್ರು ಟೋಪಿ ತೆಗೆದರಾಯ್ತಲ್ಲ ಎಂದು ಪರಿಹಾರವನ್ನೂ ಸೂಚಿಸಿದಳು. ಅಕ್ಕ ಟೋಪಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಜನಕ್ಕೆ ಬಾಯಿ ಕೊಟ್ಟ ದೇವರು ಅದಕ್ಕೊಂದು ಬೀಗ ಕೊಡಲು ಯಾಕೆ ಮರೆತನೋ!

ಸಿಡುಕುತ್ತಲೇ ಕ್ಲಿಕ್ಕಿಸಿದೆ. ಮುಖವೇನೋ ಬೆಳಗಿತು, ಆದರೆ ಅದು ಪಾಸ್‌ಬುಕ್ಕಿಗೆ ಅಂಟಿಸುವ ಮುಖ. ಇನ್ನೊಂದು ತೆಗೆದೆ. ಆ ಬೆಳಕು ಗೋಡೌನಿನ ತಗಡಿನ ಬಾಗಿಲಿಗೆ ಬಡಿದು ಒಳಗಿನ ಕತ್ತಲಲ್ಲಿ ಫಳಕ್ಕೆಂದಿರಬೇಕು. ಹಿಂದಿನ ವರ್ಷವಷ್ಟೇ ಅಕಾಲದ ಮಳೆಗೆ ಕಣದ ಕಾಫಿಯನ್ನೆಲ್ಲ ನೆನೆಸಿಕೊಂಡಿದ್ದ ಭಾವ, ಗೋಡೌನಿನೊಳಗಿದ್ದವರು, ಅದನ್ನು ಮಿಂಚೆಂದೇ ತಿಳಿದು, ಬೇಗ ರಾಶಿ ಮಾಡಿ ಎಂದು ಕೂಗುತ್ತ ಟಾರ್ಪಾಲ್ ಹೊತ್ತು ಓಡಿಬಂದರು. ಮೋಡದ ಚೂರೂ ಇಲ್ಲದ ಆಕಾಶವನ್ನು ನೋಡಿ, ನನ್ನನ್ನು ನೋಡಿ, ಹೊತ್ತು ತಂದ ಟಾರ್ಪಾಲನ್ನು ಏನು ಮಾಡಬೇಕೆಂದು ತೋಚದೆ ಹೆಂಡತಿಯನ್ನು ನೋಡಿದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋಕಸ್ಸು ಗೀಕಸ್ಸು ಎಲ್ಲ ಮರೆತು ಗುಂಡಿ ಒತ್ತಿದೆ.

ಆ ಫೋಟೊದಲ್ಲಿ ಟೋಪಿಯ ನೆರಳಿನೊಳಗೆ, ನೀರು ಬರುವಷ್ಟು ನಗುತ್ತಿದ್ದ ಅವಳ ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸೂರ್ಯನಿಗೆ ಪೈಪೋಟಿ ಕೊಡುವ ಯೋಗ್ಯತೆ ನನ್ನ ದೀಪಕ್ಕಿಲ್ಲ. ಅವನು ಮರೆತ ಮೂಲೆಗೊಮ್ಮೆ ಹೋಗಿಬರುವುದಷ್ಟೇ ಅದರ ಉದ್ಯೋಗ. ಅಕ್ಕ ಕ್ಯಾಮೆರಾ ಇಸಿದುಕೊಂಡು ಬಹಳ ಹೊತ್ತು ನೋಡಿದಳು. "ಪರವಾಗಿಲ್ವೋ, ನಾನು ನನ್ನ ಹಾಗೇ ಇದೀನಿ" ಎಂದಳು.

ಆಮೇಲೆ ಟೋಪಿ ತೆಗೆದು ಭಾವನ ಕೈಗೆ ಕೊಟ್ಟಳು. ಬೆರಳಗಲವಷ್ಟೇ ಚಿಗುರಿದ್ದ ನರೆಗೂದಲ ಮೇಲೆ ಬಿಸಿಲು ಬಿತ್ತು. ಹೆಂಗಸರು ಕಾಫಿ ಕೆದಕುವುದನ್ನು ನಿಲ್ಲಿಸಿದರು. ನಾನು ಅಭ್ಯಾಸಬಲದಿಂದ ಫ್ಲ್ಯಾಶನ್ನು ಸರಿಪಡಿಸುತ್ತಿದ್ದಾಗ ಅಕ್ಕ ಮುಖವೆತ್ತಿ ಕೇಳಿದಳು: "ಇಷ್ಟು ಬಿಸಿಲಿದೆಯಲ್ಲ ಮಾರಾಯ, ಲೈಟ್ ಯಾಕೆ?"

ಉಪನ್ಯಾಸ ಗಂಟಲವರೆಗೆ ಬಂದಿತ್ತು. ನುಂಗಿಕೊಂಡು ಫ್ಲ್ಯಾಶ್ ಆಫ್ ಮಾಡಿದೆ.