ಬಣ್ಣದವನ ಪೌರತ್ವ ಪರೀಕ್ಷೆ

ಕಲೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಣ್ಣ ಬಳಿಯುವ ರಫೀಕ್ ಲಿಫ್ಟ್ ಹತ್ತಿದ್ದರಿಂದ ತುರ್ತು ಸಭೆ ಕರೆಯಬೇಕಾಯಿತು. ಲಿಫ್ಟಿನ ಚರ್ಚೆ ಬೇಗ ಮುಗಿದು, ಅವನು ಬಾಂಗ್ಲಾದೇಶದಿಂದ ನುಸುಳಿ ಬಂದವನೇ ಎಂಬ ಚರ್ಚೆ ಶುರುವಾಯಿತು.

“ಸಾರ್, ನೀವೇ ವಿಚಾರಿಸಿ. ನೀವೂ ಹೊರಗಿನವರಲ್ಲವೇ, ನಿಮಗೆ ಗೊತ್ತಾಗುತ್ತದೆ,” ಎಂದರು ಕಾರ್ಯದರ್ಶಿ ಜೋಸ್ ಚೇಟ್ಟನ್. ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಈ ಮಲಯಾಳಿಗಳ ನಡುವೆ ಒಬ್ಬನೇ ಬಂದಿದ್ದ ನಾನು ಹೀಗೆ ಗಡಿತಜ್ಞನಾದೆ.

ರಫೀಕ್‌ನನ್ನು ಹಿಂದಿಯಲ್ಲಿ ಕೇಳಿದೆ. ಅವನು ಮಲಯಾಳದಲ್ಲಿ ಉತ್ತರಿಸಿದ. ಅದು ನನ್ನ ಮಲಯಾಳಕ್ಕಿಂತ ಚೆನ್ನಾಗಿತ್ತು.

“ಪಶ್ಚಿಮ ಬಂಗಾಳದ ಮುರ್ಷಿದಾಬಾದ್, ಸಾರ್. ನಮ್ಮಜ್ಜ ಎಲ್ಲಿಂದಲೂ ಬರಲಿಲ್ಲ, ಗಡಿಯೇ ಅವರ ಮನೆ ಹತ್ತಿರ ಬಂತು. ನನ್ನ ಕೆಲಸ ಹೋಗುತ್ತಾ?”

ಇಡೀ ಕಟ್ಟಡದಲ್ಲಿ ನನ್ನನ್ನು ‘ಊಟ ಆಯಿತಾ’ ಎಂದು ಕೇಳುತ್ತಿದ್ದವನು ಅವನೊಬ್ಬನೇ. ಅದನ್ನೂ ಕಿಟಕಿಯಾಚೆ ಹಗ್ಗದಲ್ಲಿ ನೇತಾಡುತ್ತಲೇ ಕೇಳುತ್ತಿದ್ದ. ಭಾರತೀಯನೇ ಎಂದು ಸಭೆಗೆ ವರದಿ ಕೊಟ್ಟೆ.

“ಇರಬಹುದು,” ಎಂದರು ಚೇಟ್ಟನ್. “ಈ ಕೂಲಿಗೆ ನಮ್ಮವರು ಯಾರೂ ಸಿಗುವುದಿಲ್ಲ. ಹಿಂಬದಿಯ ಗೋಡೆ ಮುಗಿಯಲಿ, ಆಮೇಲೆ ಅನುಮಾನ ಪಡೋಣ.”

ಸಭೆ ಒಮ್ಮತದಿಂದ ಒಪ್ಪಿತು.

ಗೋಡೆ ಶುಕ್ರವಾರ ಮುಗಿಯಿತು. ಇನ್ನು ಮುಂದೆ ಅವನನ್ನು ಕಳಿಸಬಾರದೆಂದು ಶನಿವಾರ ಗುತ್ತಿಗೆದಾರನಿಗೆ ತಿಳಿಸಲಾಯಿತು.