ಹೆಣ್ಣು ಸಾಲಿನ ಗಂಗಾಬಾಯಿ

"ಹೆಣ್ಮಕ್ಕಳ ಮನ್ಯಾಗ ಕದ್ದು ಹೊಕ್ಕ ಗಂಡಸರನ್ನ ಹುಡುಕಿ ಹೊರಗ ಜಗ್ಗೋದು, ಇದ ನೋಡ್ರಿ ನಮ್ಮ ಕೆಲಸ!"

ಜೊತೆಯ ಕೂಲಿಯಾಳು ಹಜರಾಬಿಯ ಮಾತಿಗೆ ಹೊಲದ ತುಂಬ ನಗು. ನಿಂಬರ್ಗಾದ ಹೊರಗಿನ ಈ ಜೋಳದ ಹೊಲಕ್ಕೆ ಬಿಸಿಲು ಇನ್ನೂ ಬಿದ್ದಿಲ್ಲ. "ಬಾಯಿ ಮುಚ್ಚಬೇ, ಹೊತ್ತು ಏರಾಕತ್ತದ" ಎಂದು ಗದರುವ ಗಂಗಾಬಾಯಿಗೂ ನಗು ತಡೆಯದು. ಇಬ್ಬನಿಗೆ ಸೀರೆ ಮೊಣಕಾಲಿನ ತನಕ ತೊಯ್ದಿದೆ. ಕಣ್ಣು ಮಾತ್ರ ತೆನೆಯಿಂದ ತೆನೆಗೆ ಹೋಗುತ್ತಲೇ ಇದೆ.

ಇದು ಬೀಜದ ಹೊಲ. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. ನೋಡಲಿಕ್ಕೆ ಎರಡೂ ಒಂದೇ, ಅದಕ್ಕೇ ಗಂಡು ಸಾಲಿನ ತುದಿಗೆ ಗುರುತಿಗೆಂದು ಪುಂಡಿಸೊಪ್ಪಿನ ಗಿಡ ಬಿತ್ತಿರುತ್ತಾರೆ. ಹೆಣ್ಣು ಸಾಲಿನ ಹೂವಿನಲ್ಲಿ ಹುಡಿ, ಅಂದರೆ ಪರಾಗ, ಇರಬಾರದು. ಬೆರಕೆಯಾಗಿ ಬಂದ ಗಿಡವೊಂದು ಅಲ್ಲಿ ಹಳದಿ ಹುಡಿ ಉದುರಿಸಿತೋ, ರಾಶಿಯೇ ಕೆಟ್ಟಂತೆ. ಬಿಸಿಲೇರುವ ಮೊದಲು ಅಂಥದ್ದನ್ನು ಬುಡಸಮೇತ ಕಿತ್ತು ಬದುವಿನಾಚೆ ಒಗೆಯಬೇಕು. ದಿನಕ್ಕೆ ಅರವತ್ತು ಸಾಲು, ಹೂ ಬಿಡುವ ಹದಿನೈದು ದಿನ, ಹನ್ನೆರಡು ವರ್ಷ. ಗಂಗಾಬಾಯಿ ನಡೆದ ಸಾಲಿನಲ್ಲಿ ತಪಾಸಣೆಯವರಿಗೆ ಈವರೆಗೆ ಒಂದು ಗಿಡವೂ ಸಿಕ್ಕಿಲ್ಲ.

"ಗಂಡು ಎಷ್ಟರ ಛಲೋ ಇರ್ಲಿ, ಹೆಣ್ಣು ಸಾಲಿನ ಬೀಜ ಬಿತ್ತಿದ್ರ ಮತ್ತ ಹುಡಿ ಇಲ್ಲದ್ದ ಹುಟ್ಟತದ್ರಿ. ಆ ಗುಣ ತಾಯಿದು. ಅಪ್ಪನ ಆಟ ಅಲ್ಲಿ ನಡಿಯಂಗಿಲ್ಲ." ಕೂಲಿಯವರ ಮೇಲ್ವಿಚಾರಕ, ಮುಕಾದಮ ಚಂದ್ರಾಮಪ್ಪ ಮೊದಲ ವರ್ಷ ಹೇಳಿಕೊಟ್ಟ ಪಾಠವಿದು. ಅದು ತನ್ನ ಮನೆಯ ಮಾತೂ ಹೌದೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಹಿರಿಮಗ ಮಹಾದೇವಪ್ಪನಿಗೆ ಇಪ್ಪತ್ತೆರಡು. ನೋವಿಲ್ಲ, ಕೆಂಪಿಲ್ಲ. ಮೂರು ತಿಂಗಳಲ್ಲಿ ಎರಡೂ ಕಣ್ಣಿನ ನಡುಭಾಗ ಕತ್ತಲಾಯಿತು. ಎದುರು ನಿಂತ ಅವ್ವನ ಮುಖ ಅವನಿಗೆ ಕಾಣದು, ಅಂಚಿನಲ್ಲಿ ಸೆರಗಷ್ಟೇ ಕಾಣುತ್ತದೆ. ಊರವರು ಯಾರದೋ ಕಣ್ಣು ತಾಗಿತು ಅಂದರು, ಅತ್ತೆ ಹರಕೆ ಹೊತ್ತಳು. ಸೊಲ್ಲಾಪುರದ ಡಾಕ್ಟರು ಮಾತ್ರ ಮನೆತನ ಕೇಳಿದರು. ಗಂಗಾಬಾಯಿಯ ತಾಯಿಯ ಅಣ್ಣನಿಗೆ ಹೀಗೇ ಆಗಿತ್ತು. ಅವಳ ಸ್ವಂತ ಅಣ್ಣ ದೌಲತರಾಯನಿಗೂ ಆಗಿತ್ತು. ಇದು ತಾಯಂದಿರ ಕಡೆಯಿಂದ ಇಳಿಯುವುದು, ಹೆಚ್ಚಾಗಿ ಹರೆಯದ ಗಂಡುಮಕ್ಕಳನ್ನು ಹಿಡಿಯುವುದು, ಔಷಧವಿಲ್ಲ ಎಂದರು.

"ಅಣ್ಣನ ನಾಕೂ ಮಕ್ಕಳ ಕಣ್ಣು ದೀಪಾ ಇದ್ದಂಗ ಅವ. ಅಣ್ಣ ಗಂಡು ಸಾಲ್ರಿ. ನಾ ಹೆಣ್ಣು ಸಾಲು. ನನ್ನ ಕಣ್ಣಿಗೇನೂ ಆಗ್ಲಿಲ್ಲ, ಹೊಟ್ಟ್ಯಾಗ ಇಟ್ಗೊಂಡು ಮಕ್ಕಳಿಗಿ ಕೊಟ್ಟೆ." ಹೀಗೆ ಹೇಳುವಾಗಲೂ ಅವಳು ತೆನೆಯ ಮೇಲಿನ ನೋಟ ತೆಗೆಯುವುದಿಲ್ಲ.

ಕಿರಿಮಗ ಶಾಂತಲಿಂಗಪ್ಪನಿಗೆ ಈಗ ಇಪ್ಪತ್ತೊಂದು. ಪಕ್ಕದ ಸಾಲು ಅವನದೇ. ಬೇಕೆಂದೇ ಅವಳು ಅವನನ್ನು ಈ ಕೆಲಸಕ್ಕೆ ಹಚ್ಚಿದ್ದಾಳೆ.

"ದಿನಾ ಮುಂಜಾನಿ ಮಗನ ಕಣ್ಣಿನ ಪರೀಕ್ಷಾ ನಡೀತದ ನೋಡ್ರಿ, ಸಾಲಿ ಮಾಸ್ತರಗಿಂತ ಕಡಕ್ ಈಕಿ" ಎನ್ನುತ್ತಾಳೆ ಹಜರಾಬಿ.

"ಇಪ್ಪತ್ತೈದು ದಾಟ್ಲಿ ಸಾಕು. ಆಮ್ಯಾಲೆ ದೇವರಿಗೆ ಏನೂ ಬೇಡಂಗಿಲ್ಲ" ಎನ್ನುತ್ತಾಳೆ ಗಂಗಾಬಾಯಿ. ದಾಟಿದರೂ ಪೂರಾ ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಿದೆ.

ಬಿಸಿಲು ತೆನೆಗೆ ತಾಗುತ್ತದೆ. ಶಾಂತಲಿಂಗಪ್ಪ ಬದುವಿನ ಮೇಲೆ ನಿಂತು ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದಾನೆ.

"ಸಾಲು ಮುಗೀತೇನೋ?"

"ಮುಗೀತಬೇ ಯವ್ವಾ."

"ಎಷ್ಟು ಸಿಕ್ವು?"

"ಒಂದೂ ಇಲ್ಲ. ಎಲ್ಲಾ ಸ್ವಚ್ಛ ಅದ."

ಅವನು ನಡೆದುಬಂದ ಸಾಲಿನಲ್ಲೇ, ಬದುವಿಗೆ ಹತ್ತು ಹೆಜ್ಜೆ ಮೊದಲು, ಮುಖದೆತ್ತರದಲ್ಲಿ ಒಂದು ತೆನೆ ಹಳದಿಯಾಗಿ ಅರಳಿದೆ. ಎರಡು ಜೇನುಹುಳ ಅದರ ಮೇಲೆ ಕೂತಿವೆ. ಹಜರಾಬಿಯೂ ನೋಡಿದಳು. ಗಂಗಾಬಾಯಿ ಸದ್ದಾಗದಂತೆ ಹೋಗಿ ಗಿಡವನ್ನು ಬುಡಸಮೇತ ಕಿತ್ತು, ಮಗ ನಿಂತ ಬದುವನ್ನು ಬಿಟ್ಟು, ಹೊಲದ ಇನ್ನೊಂದು ಅಂಚಿಗೆ ಒಯ್ದು ಒಗೆದಳು.